ಸನ್ನಿಯ ಮೌನ

ನಮ್ಮ ಬಾಲ್ಯದಲ್ಲಿ ಜ್ವರ ನೆತ್ತಿಗೇರಿ ರೋಗಿ ಬಡಬಡಿಸತೊಡಗಿದರೆ ಮನೆಯ ಹಿರಿಯರು ‘ಸನ್ನಿ ಹಿಡಿಯಿತು’ ಎನ್ನುತ್ತಿದ್ದರು. ಸನ್ನಿ ಎಂಬುದು ‘ಸನ್ನಿಪಾತ’ದ ತದ್ಭವ, ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿದ ಸ್ಥಿತಿಯೆಂದು ವೈದ್ಯಗ್ರಂಥಗಳ ಅರ್ಥ. ಜನರ ಬಾಯಲ್ಲಿ ಅದು ಬಡಬಡಿಕೆಗಷ್ಟೇ ಅಂಟಿಕೊಂಡಿತು. ಅರ್ಥಸಂಕೋಚವೆಂದು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಅದರಿಂದಾಗುವ ಕೇಡನ್ನು ಕಂಡದ್ದು ಮಾತ್ರ ನಿವೃತ್ತನಾದ ಮೇಲೆ, ಅಕ್ಕನ ಹಾಸಿಗೆಯ ಪಕ್ಕದಲ್ಲಿ.

ಅಕ್ಕನಿಗೆ ಆಗ 78 ವರ್ಷ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದಿದ್ದಳು. ಮೂರು ದಿನಗಳಿಂದ ಹಗಲೆಲ್ಲ ಮಂಪರು. ರಾತ್ರಿ ಕಣ್ಣು ತೆರೆದು ಸೂರನ್ನೇ ನೋಡುತ್ತ ಮಲಗಿರುವಳು. ಕೂಗಾಟವಿಲ್ಲ, ದೂರಿಲ್ಲ. ವಯಸ್ಸಾಯಿತು, ದಣಿದಿದ್ದಾಳೆ ಎಂದುಕೊಂಡೆವು. ನಿಜ ಹೇಳುವುದಾದರೆ, ಕಾಟವಿಲ್ಲವೆಂದು ಒಳಗೊಳಗೇ ನೆಮ್ಮದಿಯೂ ಆಗಿತ್ತು. ಗಾಯಕ್ಕೆ ಪಟ್ಟಿ ಕಟ್ಟಲು ಮನೆಗೆ ಬರುತ್ತಿದ್ದ ದಾದಿ ಆ ದಿನ ಪಟ್ಟಿ ಬಿಚ್ಚುವ ಮೊದಲೇ ನನ್ನನ್ನು ಕೇಳಿದರು: “ಮೇಷ್ಟ್ರೇ, ಹೋದ ವಾರವೂ ಅಜ್ಜಿ ಹೀಗೇ ಇದ್ದರಾ?” ಆಮೇಲೆ ಅಕ್ಕನ ಕೈಹಿಡಿದು, ತಿಂಗಳುಗಳನ್ನು ಹಿಂದಿನಿಂದ ಹೇಳಿ ಎಂದರು. ಚೈತ್ರ ವೈಶಾಖವನ್ನು ನನಗೆ ಬಾಯಿಪಾಠ ಮಾಡಿಸಿದವಳೇ ಅಕ್ಕ. ಫಾಲ್ಗುಣ ಎಂದಳು, ಮಾಘ ಎಂದಳು, ಮತ್ತೆ ಮಾಘ ಎಂದಳು. ಮುಂದೆ ಹೋಗಲಿಲ್ಲ.

ಪ್ರಾಚೀನರು ಈ ಮೌನವನ್ನು ಅರಿಯದವರಲ್ಲ. ಗ್ರೀಕ್ ವೈದ್ಯರು ಕೆರಳಿದ ಬಗೆಗೆ ‘ಫ್ರೆನೈಟಿಸ್’ ಎಂದೂ ಮಂಕಾದ ಬಗೆಗೆ ‘ಲೆಥಾರ್ಗಸ್’ ಎಂದೂ ಎರಡು ಹೆಸರಿಟ್ಟರು. ನಮ್ಮ ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ಸನ್ನಿಪಾತಜ್ವರದ ಲಕ್ಷಣ ಹೇಳುವಾಗ ಹಗಲಿನ ಗಾಢನಿದ್ರೆ, ಇರುಳಿನ ಜಾಗರಣೆಗಳನ್ನು ಸೇರಿಸಿದ್ದಾನೆ. ನನ್ನ ಕಪಾಟಿನಲ್ಲಿದ್ದ ಪುಸ್ತಕ. ಅಕ್ಕನ ಮುಖವನ್ನು ನೋಡುತ್ತಲೂ ನನಗದು ಹೊಳೆಯಲಿಲ್ಲ. ‘ಡೆಲಿರಿಯಂ’ ಎಂಬ ಲ್ಯಾಟಿನ್ ಶಬ್ದದ ಮೂಲಾರ್ಥವೋ, ನೇಗಿಲ ಸಾಲು ಬಿಟ್ಟು ಆಚೆ ಹೋಗುವುದು. ಒಕ್ಕಲುಮಗನ ಮಾತು! ಕ್ರಿಸ್ತಶಕ ಒಂದನೆಯ ಶತಮಾನದ ಸೆಲ್ಸಸ್ ಅದನ್ನು ವೈದ್ಯಗ್ರಂಥದಲ್ಲಿ ಬಳಸಿದ. ಸಾಲು ತಪ್ಪಿದ ಎತ್ತು ಸದ್ದು ಮಾಡಲೇಬೇಕೆಂದೇನೂ ಇಲ್ಲವಷ್ಟೆ.

ಆಧುನಿಕರು ಇದಕ್ಕೆ ಖಚಿತವಾದ ವ್ಯಾಖ್ಯೆ ಕಟ್ಟಿದ್ದು ಬಹಳ ತಡವಾಗಿ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಲಕ್ಷಣಗಳನ್ನು ನಿಗದಿಪಡಿಸಿತು. 1990ರಲ್ಲಿ ಶರೋನ್ ಇನೌಯೆ ಮತ್ತು ಸಂಗಡಿಗರು, ಮನೋವೈದ್ಯರಲ್ಲದವರೂ ಹಾಸಿಗೆಯ ಬಳಿ ನಿಂತು ಗುರುತಿಸಬಹುದಾದ ಕ್ರಮವೊಂದನ್ನು ಕೊಟ್ಟರು. ಬದಲಾವಣೆ ಥಟ್ಟನೆ ಬಂದು ಏರಿಳಿಯುತ್ತಿರಬೇಕು, ಗಮನ ನಿಲ್ಲದಿರಬೇಕು. ಜೊತೆಗೆ ಆಲೋಚನೆಯ ಅಸ್ತವ್ಯಸ್ತತೆಯೋ ಎಚ್ಚರದ ವ್ಯತ್ಯಾಸವೋ ಇರಬೇಕು. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಬೆಳೆಯುತ್ತದೆ. ಇದು ಗಂಟೆ ದಿನಗಳಲ್ಲಿ. ಹೋದ ವಾರದ ರೋಗಿಯನ್ನು ಬಲ್ಲವರು ಮನೆಯವರೇ ಆದ್ದರಿಂದ ದಾದಿಯ ಮೊದಲ ಪ್ರಶ್ನೆ ನನ್ನ ಕಡೆಗೆ ಬಂದಿತ್ತು.

ಅವರು ಆಗಲೇ ವೈದ್ಯರಿಗೆ ಫೋನು ಮಾಡಿದರು. ಮೂತ್ರದಲ್ಲಿ ಸೋಂಕು ಕಂಡುಬಂತು. ನಾವೇ ಅಂಗಡಿಯಿಂದ ತಂದಿದ್ದ ನಿದ್ದೆಯ ಮಾತ್ರೆಯೂ ಸೇರಿಕೊಂಡಿತ್ತು. ಮಾತ್ರೆ ನಿಂತಿತು, ಔಷಧ ಬಂತು, ಮೂಲೆಯಲ್ಲಿದ್ದ ಕನ್ನಡಕ ಮೂಗಿನ ಮೇಲೆ ಕೂತಿತು. ತಿಳಿಯಾಗಲು ಒಂಬತ್ತು ದಿನ ಹಿಡಿಯಿತು. ಆಮೇಲೊಂದು ಸಂಜೆ ಅಕ್ಕ ತಾನಾಗಿಯೇ ಹೇಳಿದಳು: ಆ ರಾತ್ರಿಗಳಲ್ಲಿ ಕೋಣೆಯ ತುಂಬ ನೀರು ಏರುತ್ತಿತ್ತಂತೆ. ಕೂಗಿದರೆ ನಾವೂ ಒಳಗೆ ಬಂದು ಮುಳುಗುತ್ತೇವೆಂದು ಸುಮ್ಮನಿದ್ದಳಂತೆ.