ಗೋಲು ಹೊಡೆಯುವ ರಕ್ಷಕರು: ಸಂದೀಪ್ ಸಿಂಗ್ ಮತ್ತು ವಿ.ಆರ್. ರಘುನಾಥ್

ಹಾಕಿ ತಂಡದಲ್ಲಿ ಫುಲ್‌ಬ್ಯಾಕ್‌ನ ಮೊದಲ ಕೆಲಸ ಎದುರಾಳಿಯನ್ನು ತಡೆಯುವುದು. ಹೀಗಿದ್ದೂ ಭಾರತದ ಹಾಕಿ ಚರಿತ್ರೆಯ ದೊಡ್ಡ ಗೆಲುವುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ನಿರ್ಣಾಯಕ ಹೊತ್ತಿನಲ್ಲಿ ಗೋಲು ಹೊಡೆದವರ ಸಾಲಿನಲ್ಲಿ ಈ ರಕ್ಷಕರೇ ಮತ್ತೆಮತ್ತೆ ಎದುರಾಗುತ್ತಾರೆ. ಅದಕ್ಕೆ ಕಾರಣ ಪೆನಾಲ್ಟಿ ಕಾರ್ನರ್, ಎದುರಾಳಿಯ ತಪ್ಪಿಗೆ ಸಿಗುವ, ಹೆಚ್ಚಾಗಿ ಫುಲ್‌ಬ್ಯಾಕ್‌ಗಳೇ ಹೊಡೆಯುವ ಅವಕಾಶ. ಈ ಪರಂಪರೆ ಅರವತ್ತು ವರ್ಷಗಳಲ್ಲಿ ಬೆಳೆದ ಬಗೆಯನ್ನು ಅರಿಯಲು ಒಂದೇ ಕಾಲದಲ್ಲಿ, ಒಂದೇ ತಂಡದಲ್ಲಿ ಆಡಿದ ಇಬ್ಬರನ್ನು ಜೊತೆಗಿಟ್ಟು ನೋಡುವುದು ಒಳ್ಳೆಯ ದಾರಿ. ಒಬ್ಬರು ಹರಿಯಾಣದ ಶಾಹಾಬಾದಿನ ಸಂದೀಪ್ ಸಿಂಗ್, ಇನ್ನೊಬ್ಬರು ನಮ್ಮ ಕೊಡಗಿನ ವಿ.ಆರ್. ರಘುನಾಥ್.

ಹೊಡೆತದ ಕಾಲ

1960ರ ದಶಕದಲ್ಲಿ ಪೆನಾಲ್ಟಿ ಕಾರ್ನರ್ ಎಂದರೆ ಪೃಥಿಪಾಲ್ ಸಿಂಗ್. ರೋಮ್, ಟೋಕಿಯೊ, ಮೆಕ್ಸಿಕೊ ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿದ ಈ ಫುಲ್‌ಬ್ಯಾಕ್, 1964ರ ಟೋಕಿಯೊ ಚಿನ್ನದ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದಾಗ ಹಾಕಿಯಿಂದ ಆ ಮೊದಲ ವರ್ಷವೇ ಅದನ್ನು ಪಡೆದವರಲ್ಲಿ ಅವರೂ ಒಬ್ಬರು. ಆಗಿನ ವಿಧಾನ ಸರಳವಾಗಿತ್ತು. ಗೆರೆಯಿಂದ ತಳ್ಳಿದ ಚೆಂಡನ್ನು ಜೊತೆಗಾರ ಕೈಯಿಂದ ನಿಲ್ಲಿಸುತ್ತಿದ್ದ, ಫುಲ್‌ಬ್ಯಾಕ್ ಓಡಿ ಬಂದು ಮೈಬಲವನ್ನೆಲ್ಲ ಹಾಕಿ ಬೀಸುತ್ತಿದ್ದ.

ಈ ಪರಂಪರೆ ಅತ್ಯುನ್ನತ ಫಲ ಕೊಟ್ಟದ್ದು 1975ರ ಕ್ವಾಲಾಲಂಪುರ ವಿಶ್ವಕಪ್‌ನಲ್ಲಿ. ಸೆಮಿಫೈನಲ್‌ನಲ್ಲಿ ಆತಿಥೇಯ ಮಲೇಷ್ಯಾ ವಿರುದ್ಧ ಸೋಲಿನ ಅಂಚಿನಲ್ಲಿದ್ದ ಭಾರತವನ್ನು ಕೊನೆಯ ನಿಮಿಷಗಳಲ್ಲಿ ಸಮಬಲಕ್ಕೆ ತಂದವರು ಅಸ್ಲಂ ಶೇರ್ ಖಾನ್. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸಮಬಲದ ಗೋಲು ಹೊಡೆದವರು ಸುರ್ಜಿತ್ ಸಿಂಗ್. ಎರಡೂ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ, ಹೊಡೆದವರಿಬ್ಬರೂ ಫುಲ್‌ಬ್ಯಾಕ್‌ಗಳು. ಅಶೋಕ್ ಕುಮಾರ್ ಅವರ ಗೆಲುವಿನ ಗೋಲನ್ನು ನೆನೆಯುವ ನಾವು ಈ ಇಬ್ಬರಿಗೂ ಅಷ್ಟೇ ಋಣಿಗಳಾಗಿರಬೇಕು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ವಿಶ್ವವಿಜೇತ ತಂಡದಲ್ಲಿದ್ದರು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆಟ ಕೃತಕ ಹುಲ್ಲಿಗೆ ಬಂತು. ಚೆಂಡಿನ ವೇಗ ಹೆಚ್ಚಿತು. ಮುಂದೆ ಕೈಯಿಂದ ಚೆಂಡು ನಿಲ್ಲಿಸುವ ಅವಕಾಶವೂ ಹೋಯಿತು. ಈ ನಡುವಿನ ಕಾಲದಲ್ಲಿ ಪರ್ಗಟ್ ಸಿಂಗ್ ಬೇರೊಂದು ಬಗೆಯ ಆಕ್ರಮಣಕಾರಿ ರಕ್ಷಕರಾಗಿ ಬೆಳೆದರು. ಅವರು ಕಾರ್ನರ್‌ಗಾಗಿ ಕಾಯುತ್ತಿರಲಿಲ್ಲ, ಹಿಂದಿನಿಂದ ಚೆಂಡನ್ನು ತಾವೇ ಎಳೆದುಕೊಂಡು ಎದುರಾಳಿಯ ಅಂಗಳಕ್ಕೆ ನುಗ್ಗುತ್ತಿದ್ದರು. 1985ರ ಪರ್ತ್ ಚಾಂಪಿಯನ್ಸ್ ಟ್ರೋಫಿಯಲ್ಲಿ ಜರ್ಮನಿಯ ವಿರುದ್ಧ 1-5ರಿಂದ ಹಿಂದಿದ್ದ ಭಾರತ ಕೊನೆಗಳಿಗೆಯಲ್ಲಿ 5-5ಕ್ಕೆ ಮರಳಿದ ಪಂದ್ಯದಲ್ಲಿ ಆ ಹೋರಾಟದ ಮುಂಚೂಣಿಯಲ್ಲಿದ್ದವರು ಅವರು.

ಡ್ರ್ಯಾಗ್ ಫ್ಲಿಕ್ ಬಂದ ಮೇಲೆ

ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತ ಬೀಸಿದ್ದಾದರೆ ಅದು ಗೋಲಿನ ಗೆರೆಯನ್ನು 46 ಸೆಂಟಿಮೀಟರ್ ಎತ್ತರದ ಹಲಗೆಯ ಮಟ್ಟಕ್ಕಿಂತ ಮೇಲೆ ದಾಟುವಂತಿಲ್ಲ. ತಳ್ಳಿದ ಅಥವಾ ಫ್ಲಿಕ್ ಮಾಡಿದ ಚೆಂಡಿಗೆ ಈ ಮಿತಿ ಇಲ್ಲ. 2.14 ಮೀಟರ್ ಎತ್ತರ, 3.66 ಮೀಟರ್ ಅಗಲದ ಗೋಲು ಪೂರ್ತಿ ಅದಕ್ಕೆ ತೆರೆದಿರುತ್ತದೆ. ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಹುಟ್ಟಿದ್ದೇ ಈ ನಿಯಮದ ಒಳಗಿಂದ. 1990ರ ದಶಕದಲ್ಲಿ ನೆದರ್ಲೆಂಡ್ಸ್ ಆಟಗಾರರು ಇದನ್ನು ಹದಗೊಳಿಸಿದರು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಇದೇ ಕಲೆಯಿಂದ 348 ಅಂತಾರಾಷ್ಟ್ರೀಯ ಗೋಲು ಹೊಡೆದು ವಿಶ್ವದಾಖಲೆ ಬರೆದರು. ಅವರೂ ರಕ್ಷಣಾ ಆಟಗಾರರೇ.

ಈ ಹೊಡೆತವನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಗೋಲಿನ ಗೆರೆಯಿಂದ ತಳ್ಳಿದ ಚೆಂಡನ್ನು ಡಿ ವೃತ್ತದ ಹೊರಗೆ ಜೊತೆಗಾರ ಕೋಲು ಮಲಗಿಸಿ ನಿಲ್ಲಿಸುತ್ತಾನೆ. ಚೆಂಡು ವೃತ್ತದ ಹೊರಗೆ ಹೋಗದೆ ಗೋಲು ಹೊಡೆಯುವಂತಿಲ್ಲ. ಫ್ಲಿಕ್ ಮಾಡುವವನು ಓಡಿ ಬಂದು, ಬಲಗಾಲನ್ನು ಎಡಗಾಲಿನ ಹಿಂದಿನಿಂದ ದಾಟಿಸಿ, ಎಡಗಾಲನ್ನು ದೂರಕ್ಕೆ ಚಾಚಿ ಊರುತ್ತಾನೆ. ಸೊಂಟ ತೀರಾ ಕೆಳಗಿಳಿದಿರುತ್ತದೆ. ಚೆಂಡು ಇನ್ನೂ ಹಿಂದಿನ ಕಾಲಿನ ಬಳಿಯೇ ಇರುತ್ತದೆ. ಕೋಲಿನ ಬಾಗಿಗೆ ಅದು ಸಿಕ್ಕಿಕೊಂಡ ಕೂಡಲೇ ನೆಲಕ್ಕೆ ತಾಗಿದಂತೆಯೇ ಮುಂದಕ್ಕೆ ಎಳೆಯುತ್ತ ಸೊಂಟ, ಭುಜ, ಮಣಿಕಟ್ಟುಗಳನ್ನು ಒಂದರ ಹಿಂದೊಂದು ತಿರುಗಿಸಿ, ಮುಂದಿನ ಪಾದದಾಚೆ ಬಿಡುತ್ತಾನೆ. ಗೋಲಿನ ಗೆರೆಯ ಹಿಂದೆ ಗೋಲ್‌ಕೀಪರ್ ಸೇರಿ ಐವರು ಕಾದಿರುತ್ತಾರೆ. ಅವರಲ್ಲೊಬ್ಬ ಮೊಣಕಾಲಿಗೆ ಕವಚ, ಮುಖಕ್ಕೆ ಮುಖವಾಡ ಧರಿಸಿ ನೇರವಾಗಿ ಚೆಂಡಿನ ಎದುರಿಗೇ ಓಡಿ ಬರುತ್ತಾನೆ. ಇದೆಲ್ಲ ನಡೆದು ಮುಗಿಯಲು ಬೇಕಾಗುವುದು ಕ್ಷಣಕಾಲ. ಬೆನ್ನಿನ ಕೆಳಭಾಗಕ್ಕೂ ಮುಂದಿನ ಮೊಣಕಾಲಿಗೂ ಇದರಿಂದ ಬೀಳುವ ಪೆಟ್ಟು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಭಾರತದಲ್ಲಿ ಈ ಕಲೆಗೆ ಮೊದಲು ಹೆಸರು ತಂದವರಲ್ಲಿ ಜುಗ್ರಾಜ್ ಸಿಂಗ್ ಪ್ರಮುಖರು. 2003ರ ಕಾರು ಅಪಘಾತ ಅವರ ಆಟವನ್ನು ಅರಳುವ ಹೊತ್ತಿನಲ್ಲೇ ನಿಲ್ಲಿಸಿತು. ಕೊಡಗಿನ ಲೆನ್ ಅಯ್ಯಪ್ಪ ಕೂಡ ಆ ವರ್ಷಗಳಲ್ಲಿ ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದ ರಕ್ಷಕ. ಆ ಬಳಿಕ ಬಂದವರು ಸಂದೀಪ್ ಮತ್ತು ರಘುನಾಥ್.

ಸಂದೀಪ್: ಬಿದ್ದು ಎದ್ದ ಬಿರುಗಾಳಿ

ಸಂದೀಪ್ ಹುಟ್ಟಿದ್ದು 1986ರಲ್ಲಿ. 2004ರಲ್ಲಿ ಭಾರತ ತಂಡಕ್ಕೆ ಬಂದು, ಅದೇ ವರ್ಷ 18ನೇ ವಯಸ್ಸಿನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರು. 2006ರ ಆಗಸ್ಟ್‌ನಲ್ಲಿ ವಿಶ್ವಕಪ್ ತಂಡವನ್ನು ಸೇರಿಕೊಳ್ಳಲು ಶತಾಬ್ದಿ ರೈಲಿನಲ್ಲಿ ಹೊರಟಿದ್ದಾಗ, ಭದ್ರತಾ ಸಿಬ್ಬಂದಿಯ ಬಂದೂಕಿನಿಂದ ಆಕಸ್ಮಿಕವಾಗಿ ಹಾರಿದ ಗುಂಡು ಅವರ ದೇಹ ಹೊಕ್ಕಿತು. ಗಾಲಿಕುರ್ಚಿಗೆ ಅಂಟಿಕೊಂಡಿದ್ದ ಆಟಗಾರ ಮತ್ತೆ ಮೈದಾನಕ್ಕೆ ಇಳಿಯುತ್ತಾರೆಂದು ನಂಬಿದವರು ಕಡಿಮೆ. ಅವರು ಇಳಿದದ್ದಷ್ಟೇ ಅಲ್ಲ, 2009ರಲ್ಲಿ ನಾಯಕರಾಗಿ ಸುಲ್ತಾನ್ ಅಜ್ಲಾನ್ ಶಾ ಕಪ್ಪನ್ನು 1995ರ ನಂತರ ಮೊದಲ ಬಾರಿಗೆ ಭಾರತಕ್ಕೆ ತಂದರು. ಮರುವರ್ಷ ಅರ್ಜುನ ಪ್ರಶಸ್ತಿ ಬಂತು.

ಅವರ ಆಟದ ಶಿಖರ 2012ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಒಲಿಂಪಿಕ್ ಅರ್ಹತಾ ಟೂರ್ನಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯದೆ ತಲೆತಗ್ಗಿಸಿದ್ದ ದೇಶಕ್ಕೆ ಈ ಬಾರಿ ಸೋಲುವ ಸ್ವಾತಂತ್ರ್ಯವಿರಲಿಲ್ಲ. ಸಂದೀಪ್ ಟೂರ್ನಿಯಲ್ಲಿ 16 ಗೋಲು ಹೊಡೆದರು. ಫ್ರಾನ್ಸ್ ವಿರುದ್ಧ 8-1ರಿಂದ ಗೆದ್ದ ಫೈನಲ್‌ನಲ್ಲಿ ಅವರ ಒಬ್ಬರದೇ ಐದು ಗೋಲು. ಒಬ್ಬ ರಕ್ಷಕ ಇಡೀ ದೇಶವನ್ನು ಒಲಿಂಪಿಕ್ಸ್‌ಗೆ ಎಳೆದೊಯ್ದ ಇಂಥ ಇನ್ನೊಂದು ನಿದರ್ಶನ ನಮ್ಮಲ್ಲಿಲ್ಲ.

ಆದರೆ ಲಂಡನ್‌ನಲ್ಲಿ ಭಾರತ ಕೊನೆಯ ಸ್ಥಾನಕ್ಕೆ ಕುಸಿಯಿತು. ಅಲ್ಲಿಗೆ 26ನೇ ವಯಸ್ಸಿನಲ್ಲೇ ಸಂದೀಪ್ ಅವರ ಅಂತಾರಾಷ್ಟ್ರೀಯ ಆಟ ಹೆಚ್ಚುಕಡಿಮೆ ಮುಗಿಯಿತು. ಆಧುನಿಕ ಹಾಕಿ ಕೇಳುವ ವೇಗದ ರಕ್ಷಣೆ ಅವರಲ್ಲಿಲ್ಲ ಎಂಬ ಟೀಕೆ ಮೊದಲಿನಿಂದಲೂ ಇತ್ತು, ಗೋಲು ಬಾರದ ದಿನ ಅದು ಜೋರಾಗಿ ಕೇಳುತ್ತಿತ್ತು.

ರಘುನಾಥ್: ಹನ್ನೊಂದು ವರ್ಷದ ಭರವಸೆ

1988ರಲ್ಲಿ ಹುಟ್ಟಿದ ರಘುನಾಥ್ 2005ರಲ್ಲಿ, ಇನ್ನೂ ಹದಿಹರೆಯದಲ್ಲಿ ಭಾರತಕ್ಕೆ ಆಡಿದರು. 2007ರಲ್ಲಿ ಚೆನ್ನೈನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿದ್ದರು. ಮುಂದಿನ ಕೆಲವು ವರ್ಷ ಡ್ರ್ಯಾಗ್ ಫ್ಲಿಕ್‌ನ ಮೊದಲ ಹಕ್ಕು ಸಂದೀಪ್ ಅವರದಾಗಿತ್ತು. ರಘುನಾಥ್ ಎರಡನೆಯವರಾಗಿ ಕಾದರು. ಆ ಕಾಯುವಿಕೆಯೇ ಅವರನ್ನು ಪೂರ್ಣ ರಕ್ಷಕರನ್ನಾಗಿ ರೂಪಿಸಿತು ಎಂಬುದು ನನ್ನ ನಂಬಿಕೆ. ಕಾರ್ನರ್ ಸಿಗದ ಪಂದ್ಯದಲ್ಲೂ ತಂಡಕ್ಕೆ ಬೇಕಾಗುವ ಆಟಗಾರರಾಗಿ ಅವರು ಬೆಳೆದರು.

2013ರಲ್ಲಿ ಇಪೋದಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ಕೊರಿಯಾಕ್ಕೆ 3-4ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ರಘುನಾಥ್. 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ 16 ವರ್ಷಗಳ ನಂತರ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಕೊಡಗಿನ ಎಸ್.ವಿ. ಸುನಿಲ್ ಅವರೂ ಅಲ್ಲಿದ್ದರು. 2015ರಲ್ಲಿ ರಾಯಪುರದ ವಿಶ್ವ ಲೀಗ್ ಫೈನಲ್‌ನ ಕಂಚು, 2016ರಲ್ಲಿ ಚಾಂಪಿಯನ್ಸ್ ಟ್ರೋಫಿಯ ಮೊದಲ ಬೆಳ್ಳಿ, ಅದೇ ವರ್ಷ ಅರ್ಜುನ ಪ್ರಶಸ್ತಿ. ರಿಯೊ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಐರ್ಲೆಂಡ್ ವಿರುದ್ಧ ಭಾರತದ ಮೊದಲ ಗೋಲು ಅವರದೇ. ಇನ್ನೂರಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ, ನೂರಕ್ಕೂ ಹೆಚ್ಚು ಗೋಲು ಅವರ ಲೆಕ್ಕದಲ್ಲಿವೆ.

ಇಬ್ಬರ ವ್ಯತ್ಯಾಸವನ್ನು ಹಾಕಿ ಇಂಡಿಯಾ ಲೀಗ್‌ನ ಮೊದಲ ಋತು ಚೆನ್ನಾಗಿ ತೋರಿಸುತ್ತದೆ. ಹರಾಜಿನಲ್ಲಿ ಯು.ಪಿ. ವಿಜರ್ಡ್ಸ್ ರಘುನಾಥ್ ಅವರಿಗೆ 76,000 ಡಾಲರ್ ಕೊಟ್ಟಿತು. 2013ರ ಆ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಸಂದೀಪ್, ಆದರೆ ಅವರ ಮುಂಬೈ ಮ್ಯಾಜಿಶಿಯನ್ಸ್ ತಂಡ ಕೊನೆಯ ಸ್ಥಾನಕ್ಕಿಳಿಯಿತು. ರಘುನಾಥ್ ಅವರ ವಿಜರ್ಡ್ಸ್ ಮೂರನೆಯ ಸ್ಥಾನ ಪಡೆಯಿತು.

ಮಂಜುಗಡ್ಡೆಯ ಮೇಲಿನ ಹಾಕಿಯಲ್ಲೂ ಇದೇ ಪ್ರಶ್ನೆ

ರಕ್ಷಕನನ್ನು ಗೋಲಿನಿಂದ ಅಳೆಯಬೇಕೆ, ರಕ್ಷಣೆಯಿಂದ ಅಳೆಯಬೇಕೆ ಎಂಬ ಚರ್ಚೆ ಉತ್ತರ ಅಮೆರಿಕದ ಐಸ್ ಹಾಕಿಯಲ್ಲೂ ದಶಕಗಳಿಂದ ನಡೆದಿದೆ. ಬಾಸ್ಟನ್ ಬ್ರೂಯಿನ್ಸ್ ತಂಡದ ಬಾಬಿ ಆರ್, ರಕ್ಷಕನಾಗಿದ್ದೂ ಅಲ್ಲಿನ ಲೀಗ್‌ನ ಆಟಗಾರರ ಅಂಕಪಟ್ಟಿಯಲ್ಲಿ ಎರಡು ಬಾರಿ ಮೊದಲಿಗರಾದರು. ಆ ಸಾಧನೆ ಇಂದಿಗೂ ಇನ್ನಾವ ರಕ್ಷಕನಿಗೂ ಸಿಕ್ಕಿಲ್ಲ. ಮೊಣಕಾಲು ಕೈಕೊಟ್ಟು 657 ಪಂದ್ಯಗಳಿಗೇ ಅವರ ಆಟ ಮುಗಿಯಿತು. ಅವರ ಬಳಿಕ ಬಂದ ಪಾಲ್ ಕಾಫಿ 1985-86ರಲ್ಲಿ ಒಂದೇ ಋತುವಿನಲ್ಲಿ 48 ಗೋಲು ಹೊಡೆದು ಆರ್ ಅವರ 46 ಗೋಲುಗಳ ದಾಖಲೆ ಮುರಿದರು, ಒಟ್ಟು 1,409 ಪಂದ್ಯ ಆಡಿದರು. ಹಾಗಿದ್ದೂ ಅಲ್ಲಿನ ಹೆಚ್ಚಿನವರು ಆರ್ ಅವರನ್ನೇ ಮೇಲಿಡುತ್ತಾರೆ. ಅವರು ಗೋಲಿನತ್ತ ನುಗ್ಗಿದಷ್ಟೇ ಚೆನ್ನಾಗಿ ಹಿಂದೆ ಕಾಯುತ್ತಿದ್ದರು ಎಂಬುದು ಅದಕ್ಕೆ ಕೊಡುವ ಮುಖ್ಯ ಕಾರಣ. ರಕ್ಷಕನನ್ನು ಗೋಲಿನ ಸಂಖ್ಯೆಯೊಂದರಿಂದಲೇ ಅಳೆಯಬಾರದು ಎಂಬ ಪಾಠ ನಮಗೂ ಸಲ್ಲುತ್ತದೆ.

ಮುಂದಿನ ತಲೆಮಾರು

ರಿಯೊ ತಂಡದಲ್ಲಿ ರಘುನಾಥ್, ರೂಪಿಂದರ್ ಪಾಲ್ ಸಿಂಗ್, ಕಿರಿಯ ಹರ್ಮನ್‌ಪ್ರೀತ್ ಸಿಂಗ್ ಮೂವರೂ ಇದ್ದರು. ಮೂವರೂ ರಕ್ಷಕರು, ಮೂವರೂ ಫ್ಲಿಕ್ಕರ್‌ಗಳು. ಒಬ್ಬನನ್ನೇ ನೆಚ್ಚಿಕೊಳ್ಳುವ ಕಾಲ ಅಲ್ಲಿಗೆ ಮುಗಿದಿತ್ತು. ಮುಂದಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ನಂತರ ಒಲಿಂಪಿಕ್ ಪದಕ ಗೆದ್ದಾಗ ರೂಪಿಂದರ್, ಹರ್ಮನ್‌ಪ್ರೀತ್ ಇಬ್ಬರೂ ಗೋಲು ಹೊಡೆದರು. 2024ರ ಪ್ಯಾರಿಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ 10 ಗೋಲು ಹೊಡೆದು ಟೂರ್ನಿಗೇ ಮೊದಲಿಗರಾದರು. ಸ್ಪೇನ್ ವಿರುದ್ಧ ಕಂಚು ತಂದ 2-1ರ ಗೆಲುವಿನ ಎರಡೂ ಗೋಲು ಅವರದೇ. ಸಂದೀಪ್ ಅವರ ಹೊಡೆತದ ಹರಿತವೂ ರಘುನಾಥ್ ಅವರ ರಕ್ಷಣೆಯ ಸ್ಥಿರತೆಯೂ ಹರ್ಮನ್‌ಪ್ರೀತ್ ಅವರಲ್ಲಿ ಕೂಡಿ ಬಂದಿವೆ.

ಇಬ್ಬರಲ್ಲಿ ಯಾರು ದೊಡ್ಡವರು? ಒಂದೇ ರಾತ್ರಿಯ ಪಂದ್ಯ ಗೆಲ್ಲಬೇಕಿದ್ದರೆ ನಾನು ಸಂದೀಪ್ ಅವರನ್ನು ಆರಿಸುತ್ತೇನೆ. ಹತ್ತು ವರ್ಷ ನಿಲ್ಲುವ ತಂಡ ಕಟ್ಟಬೇಕಿದ್ದರೆ ರಘುನಾಥ್ ಅವರನ್ನು. ತಂಡ ಕಟ್ಟುವುದೇ ಹೆಚ್ಚು ಕಷ್ಟದ ಕೆಲಸವಾದ್ದರಿಂದ ನನ್ನ ತೀರ್ಪು ರಘುನಾಥ್ ಪರ. ಸಂದೀಪ್ ಬದುಕಿನ ಮೇಲೆ 2018ರಲ್ಲಿ ‘ಸೂರ್ಮಾ’ ಎಂಬ ಹಿಂದಿ ಚಿತ್ರ ಬಂತು, ಅದು ಸಲ್ಲಬೇಕಾದ ಗೌರವವೇ. ನಮ್ಮ ರಘುನಾಥ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕವಾದರೂ ಬರಬೇಕು.

ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಕರ್ನಾಟಕದ ಹಾಕಿ ಕೊಡಗು, ಬೆಂಗಳೂರಿನಂಥ ಕೆಲವೇ ನೆಲೆಗಳಲ್ಲಿ ಉಸಿರಾಡುತ್ತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಮಲೆನಾಡಿನ ತಾಲ್ಲೂಕುಗಳ ಶಾಲೆಗಳಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಗಟ್ಟಿಮುಟ್ಟಾದ ಮಕ್ಕಳಿಗೆ ಹಾಕಿ ಕೋಲು ಕೈಗೆ ಸಿಗುವುದೇ ಅಪರೂಪ. ಇಂಥ ಕಡೆ ಕೋಲು, ಚೆಂಡು, ಒಬ್ಬ ಬಲ್ಲ ತರಬೇತುದಾರ ಮೊದಲು ತಲುಪಬೇಕು. ಫ್ಲಿಕ್ ಕಲಿಸುವಾಗ ಎಳೆಯ ಬೆನ್ನು, ಮೊಣಕಾಲುಗಳ ಕಾಳಜಿ ಇರಬೇಕು, ಚೆಂಡು ತಳ್ಳುವವನನ್ನೂ ನಿಲ್ಲಿಸುವವನನ್ನೂ ಜೊತೆಯಲ್ಲೇ ತಯಾರು ಮಾಡಬೇಕು. ಎಲ್ಲಕ್ಕಿಂತ ಮೊದಲು ಆ ಮಗುವಿಗೆ ರಕ್ಷಣೆ ಕಲಿಸಿ. ಗೋಲು ಹೊಡೆಯುವುದನ್ನು ಅದರ ಮೇಲೆ ಕಟ್ಟಬಹುದು ಎಂಬುದಕ್ಕೆ ರಘುನಾಥ್ ಅವರ ಆಟವೇ ಸಾಕ್ಷಿ.