ಕೈಯಡುಗೆಯಿಂದ ಬಿಸಿಯೂಟದವರೆಗೆ

ಶಾಲೆಯೊಂದರ ಇತಿಹಾಸ ಬರೆಯುವಾಗ ಕಟ್ಟಡ ಕಟ್ಟಿದ ವರ್ಷ, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಇವೆಲ್ಲ ದಾಖಲಾಗುತ್ತವೆ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಮಕ್ಕಳು ಏನು ತಿಂದರು, ಅದನ್ನು ಬೇಯಿಸಿದವರು ಯಾರು ಎಂಬುದು ಮಾತ್ರ ಯಾವ ಕಡತದಲ್ಲೂ ಸಿಗುವುದಿಲ್ಲ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಕಥೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ.

ನಮ್ಮ ಅಜ್ಜಂದಿರ ಕಾಲದಲ್ಲಿ ಹೈಸ್ಕೂಲು ಓದಬೇಕೆಂದರೆ ಊರು ಬಿಟ್ಟು ಪಟ್ಟಣ ಸೇರಬೇಕಿತ್ತು. ಅಲ್ಲಿ ಊಟಕ್ಕೆ ಇದ್ದ ದಾರಿಗಳು ಮೂರು. ಮೊದಲನೆಯದು ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಣ್ಣುವುದು. ಎರಡನೆಯದು ಸಿದ್ಧಗಂಗೆಯಂಥ ಮಠಗಳು ಮತ್ತು ಹಲವು ಸಮುದಾಯಗಳು ನಡೆಸುತ್ತಿದ್ದ ಉಚಿತ ವಿದ್ಯಾರ್ಥಿ ನಿಲಯ. ಇವೆರಡೂ ದೊರೆಯದವರಿಗೆ ಉಳಿದದ್ದು ಕೈಯಡುಗೆ. ನಾಲ್ಕೈದು ಹುಡುಗರು ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಊರಿನಿಂದ ಹೊತ್ತು ತಂದ ಅಕ್ಕಿ, ರಾಗಿಹಿಟ್ಟು, ಬೇಳೆಯಲ್ಲಿ ಬೆಳಗಿನ ಜಾವವೇ ಅನ್ನ, ಮುದ್ದೆ, ಸಾರು ಮಾಡಿಕೊಂಡು ಶಾಲೆಗೆ ಓಡುತ್ತಿದ್ದರು. ಹದಿಮೂರು ಹದಿನಾಲ್ಕರ ಹುಡುಗರಿಗೆ ಅಡುಗೆ ಕಲಿಸಿದ್ದು ಅನಿವಾರ್ಯತೆ.

ಈ ನೆನಪುಗಳಲ್ಲಿ ಹುಡುಗಿಯರು ಹೆಚ್ಚಾಗಿ ಕಾಣುವುದಿಲ್ಲ. ಅವರಿಗೂ ಆ ವಯಸ್ಸಿಗೆ ಅಡುಗೆ ಬರುತ್ತಿತ್ತು. ತಾಯಿ ಹೊಲಕ್ಕೆ ಹೋದಾಗ ಒಲೆಯ ಮುಂದೆ ಕೂರಲು ಜನ ಬೇಕಿತ್ತು. ಹುಡುಗನಿಗೆ ಶಾಲೆ ಉಳಿಸಿಕೊಟ್ಟ ಅಡುಗೆಯೇ ಎಷ್ಟೋ ಹುಡುಗಿಯರ ಶಾಲೆ ಬಿಡಿಸಿತು. ವಾರಾನ್ನಕ್ಕೂ ಜಾತಿಯ ಗೆರೆ ಇತ್ತು. ಯಾರ ಮನೆ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಅಡುಗೆಯನ್ನು ಪಾಠವಾಗಿ ಕಂಡವರೂ ಇದ್ದರು. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮ್ ಪದ್ಧತಿಯ ಸೇವಾಗ್ರಾಮದ ಶಾಲೆಯಲ್ಲಿ ಅಡುಗೆಮನೆಯೂ ತರಗತಿಯಾಗಿತ್ತು. ಮಕ್ಕಳು ಸರದಿಯ ಮೇಲೆ ಬೇಯಿಸುತ್ತಿದ್ದರು, ಬಡಿಸುತ್ತಿದ್ದರು. ದಿನಸಿಯ ಲೆಕ್ಕ ಗಣಿತವಾಗುತ್ತಿತ್ತು, ಆಹಾರದ ಗುಣ ವಿಜ್ಞಾನವಾಗುತ್ತಿತ್ತು. ಹುಡುಗ ಹುಡುಗಿ, ಮೇಲು ಕೀಳು ಎಂಬ ಭೇದ ಅಲ್ಲಿರಲಿಲ್ಲ. ಸ್ವಾತಂತ್ರ್ಯಾನಂತರ ಪರೀಕ್ಷೆಯೇ ಮುಖ್ಯವಾದ ಶಾಲೆಗಳಲ್ಲಿ ಈ ಪದ್ಧತಿ ಉಳಿಯಲಿಲ್ಲ.

ಮುಂದೆ ಬಂದದ್ದು ಕೇರ್ ಸಂಸ್ಥೆಯ ಉಪ್ಪಿಟ್ಟು. ಅಮೆರಿಕದಿಂದ ಬಂದ ಗೋಧಿರವೆ, ಎಣ್ಣೆ ಮತ್ತು ಹಾಲಿನ ಪುಡಿಯ ರುಚಿಯನ್ನು ಆಗ ಪ್ರಾಥಮಿಕ ಶಾಲೆಯಲ್ಲಿ ಓದಿದವರು ಇಂದಿಗೂ ಮರೆತಿಲ್ಲ. ನೀರು ಹೊರುವುದು, ಸೌದೆ ಆಯುವುದು, ಬಡಿಸುವುದು ದೊಡ್ಡ ಮಕ್ಕಳ ಕೆಲಸವಾಗಿತ್ತೆಂದು ನಮ್ಮೂರ ಹಿರಿಯರು ಹೇಳುತ್ತಾರೆ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರಮಟ್ಟದ ಯೋಜನೆ ಆರಂಭಿಸಿತು. ಅದರಂತೆ ಶೇಕಡ 80 ಹಾಜರಾತಿ ಇದ್ದ ಪ್ರಾಥಮಿಕ ಶಾಲೆಯ ಮಗುವಿಗೆ ಅನೇಕ ರಾಜ್ಯಗಳಲ್ಲಿ ತಿಂಗಳಿಗೆ 3 ಕಿಲೋ ಧಾನ್ಯ ಸಿಗುತ್ತಿತ್ತು. ನನ್ನ ತಲೆಮಾರಿನವರು ಚೀಲ ಹಿಡಿದು ಸಾಲಿನಲ್ಲಿ ನಿಂತದ್ದು ಈ ಅಕ್ಕಿಗೇ. ಆದರೆ ಅಕ್ಕಿ ಮನೆಮಂದಿಯ ಮಡಕೆ ಸೇರುತ್ತಿತ್ತು, ಮಧ್ಯಾಹ್ನದ ಹಸಿವು ಶಾಲೆಯಲ್ಲೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ ಎಂದು ನಿಗದಿಯಾಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು 2004ರಲ್ಲಿ ಅದೇ ನ್ಯಾಯಾಲಯ ಹೇಳಿತು. ವಾರಾನ್ನದ ಹಳೆಯ ಗೆರೆಯನ್ನು ಅಳಿಸಲು ಕಾನೂನು ಅಡುಗೆಮನೆಯೊಳಗೇ ಬಂದಿತು.

ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ವಿಸ್ತರಿಸಿತು. ಹೈಸ್ಕೂಲಿಗೆ ಬಂದದ್ದು 2007-08ರಲ್ಲಿ. ಅಷ್ಟರಲ್ಲಿ ನಾನು ಈ ಶಾಲೆ ಬಿಟ್ಟಾಗಿತ್ತು. ನಮ್ಮ ಕಾಲದಲ್ಲಿ ಬುತ್ತಿ ತರುವವರಿದ್ದರು. ತಾಯಿ ಬೆಳಗಾಗುವ ಮೊದಲೇ ಕೂಲಿಗೆ ಹೋಗುವ ಮನೆಯವರು ತಾವೇ ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿಯೋ, ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿಯೋ ತರುತ್ತಿದ್ದರು. ಏನೂ ತರದವರು ಊಟದ ಹೊತ್ತಿಗೆ ನಲ್ಲಿಯ ಬಳಿ ಹೋಗಿ ಬರುತ್ತಿದ್ದರು. ಇಂದು ಅದೇ ಶಾಲೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆ ಕಂಡ ದೊಡ್ಡ ಬದಲಾವಣೆ ಇದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಮಕ್ಕಳು ಅಡುಗೆ ಕಲಿಯುವುದು ಬೇಡವೇ? ಇದಕ್ಕೆ ಜಪಾನಿನ ಒಂದು ಉದಾಹರಣೆ ಇದೆ. ಅಲ್ಲಿ ಶಾಲಾ ಊಟಕ್ಕೆ 1954ರಲ್ಲೇ ಕಾಯ್ದೆಯಾಯಿತು. ನಮ್ಮ ನ್ಯಾಯಾಲಯದ ಆದೇಶ ಬಂದ 2001ರಲ್ಲೇ ಕಾಗಾವಾ ಪ್ರಾಂತದ ತಾಕಿನೋಮಿಯಾ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಕಾಜುವೊ ತಾಕೆಶಿತಾ ‘ಬುತ್ತಿಯ ದಿನ’ ಆರಂಭಿಸಿದರು. ಐದು ಮತ್ತು ಆರನೆಯ ತರಗತಿಯ ಮಕ್ಕಳು ಆ ದಿನ ತಾವೇ ಸಾಮಾನು ತಂದು, ಬೇಯಿಸಿ, ಪಾತ್ರೆ ತೊಳೆದು ಬುತ್ತಿ ಕಟ್ಟಿಕೊಂಡು ಬರಬೇಕು. ತಂದೆತಾಯಿ ಕೈ ಹಾಕುವಂತಿಲ್ಲ. ಮುಂದೆ ಇದು ಆ ದೇಶದ ಅನೇಕ ಶಾಲೆಗಳಿಗೆ ಹಬ್ಬಿತು. ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಮೊದಲು ಎಲ್ಲ ಮಕ್ಕಳಿಗೂ ಊಟ ಖಾತ್ರಿಯಾಯಿತು, ಆಮೇಲೆ ಅಡುಗೆ ಪಾಠವಾಯಿತು.

ನಾವೂ ಈಗ ಆ ಹಂತಕ್ಕೆ ಬಂದಿದ್ದೇವೆ. ಬಿಸಿಯೂಟ ಎಂದಿನಂತೆ ನಡೆಯಲಿ. ಅದರ ಜೊತೆಗೆ ತಿಂಗಳಿಗೊಂದು ದಿನ ಮಕ್ಕಳೇ ಒಲೆ ಹಚ್ಚದೆ ಒಂದು ತಿನಿಸು ಮಾಡಲಿ. ಮೊಳಕೆ ಹೆಸರುಕಾಳಿನ ಕೋಸಂಬರಿ, ಮೊಸರವಲಕ್ಕಿ, ಚುರುಮುರಿ, ಕಡಲೆಬೀಜ ಬೆಲ್ಲದ ಉಂಡೆ ಇವಕ್ಕೆ ಬೆಂಕಿ ಬೇಡ. ಹಿಂದಿನ ದಿನ ಕಾಳು ನೆನೆಹಾಕುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಹುಡುಗರೂ ಹುಡುಗಿಯರೂ ಸಮನಾಗಿ ದುಡಿಯಲಿ. ಒಂದು ಕಾಲಕ್ಕೆ ಹಸಿವು ಕಲಿಸಿದ ಅಡುಗೆಯನ್ನು ಇನ್ನು ಮುಂದೆ ಶಾಲೆ ಕಲಿಸಲಿ.