ಜಾಲಿ ಮುಳ್ಳಿನ ಊರುಗಳಲ್ಲಿ ಸೈಕಲ್ ನಿರ್ವಹಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಕೆರೆಯಂಗಳ ಹಾಗೂ ರಸ್ತೆಬದಿಗಳಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಸೈಕಲ್ ಸವಾರರಿಗೆ ಇದರ ಮುಳ್ಳೇ ಮೊದಲ ಶತ್ರು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತ್ತು. 2020ರ ಕೋವಿಡ್ ಬಳಿಕ ವಿತರಣೆ ಸ್ಥಗಿತಗೊಂಡಿತು. ಅಕ್ಕನಿಗೆ ಸಿಕ್ಕ ಸೈಕಲ್ಲನ್ನೇ ತಮ್ಮನೂ ತುಳಿಯಬೇಕಾದ ಮನೆಗಳಲ್ಲಿ ಅದನ್ನು ಬಾಳಿಸುವುದು ಅನಿವಾರ್ಯ.

ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಪ್ಯಾಚ್ ಹಾಕುವುದು ಎಲ್ಲರಿಗೂ ತಿಳಿದದ್ದೇ. ಆದರೆ ಮುಳ್ಳಿನ ತುದಿ ಹಲವು ಬಾರಿ ಮುರಿದು ಟೈರಿನಲ್ಲೇ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬ್ ಹಾಕಿದರೂ ಮತ್ತೆ ಪಂಕ್ಚರ್ ಆಗುತ್ತದೆ. ಟೈರಿನ ಒಳಮೈಯ ಸುತ್ತ ಹಳೆಯ ಬಟ್ಟೆಯನ್ನು ಎಳೆದರೆ ನೂಲು ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಬರಿಗೈ ಬೇಡ. ಸಿಕ್ಕ ಮುಳ್ಳನ್ನು ಇಕ್ಕಳದಿಂದ ಕೀಳಬೇಕು.

ಟ್ಯೂಬಿನಲ್ಲಿ ಗುಳ್ಳೆಯೇ ಕಾಣದಿದ್ದರೂ ಬೆಳಗಾಗುವಷ್ಟರಲ್ಲಿ ಗಾಳಿ ಇಳಿಯುತ್ತಿದ್ದರೆ ವಾಲ್ವಿನ ಪುಟ್ಟ ರಬ್ಬರ್ ಕೊಳವೆಯನ್ನು ಬದಲಿಸಿ ನೋಡಬಹುದು. ಇದಕ್ಕಾಗಿ ಟ್ಯೂಬನ್ನೇ ಎಸೆಯುವವರೂ ಇದ್ದಾರೆ!

ಚೈನಿಗೆ ಎಣ್ಣೆ ಹಾಕುವ ಮುನ್ನ ದೂಳು ಒರೆಸಬೇಕು. ಎಣ್ಣೆ ಹೆಚ್ಚಾದರೆ ದೂಳು ಅಂಟಿ ಚೈನ್ ಬೇಗ ಸವೆಯುತ್ತದೆ.